ಸಾಕ್ಷಿಯ ಮಾತು, ಪರರ ಲೇಖನಿ

‘ಸಾಕ್ಷಿ’ ಎಂಬ ಶಬ್ದದೊಳಗೆ ಕಣ್ಣು ಅಡಗಿದೆ. ಅಕ್ಷಿ ಎಂದರೆ ಕಣ್ಣು. ಸಾಕ್ಷಾತ್ತಾಗಿ ನೋಡಿದವನು ಎಂಬ ಅರ್ಥದಲ್ಲಿಯೇ ಪಾಣಿನಿಯು ಈ ಶಬ್ದವನ್ನು ಸಾಧಿಸಿದ್ದಾನೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ವೈಯಾಕರಣನೊಬ್ಬ ಹೇಳಿದ ಮಾತನ್ನೇ ನಮ್ಮ ಕಾಲದ ಕಾಯದೆಯೂ ಹೇಳುತ್ತದೆ. 1872ರ ಸಾಕ್ಷ್ಯ ಅಧಿನಿಯಮದ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023, ತನ್ನ 55ನೆಯ ಕಲಮಿನಲ್ಲಿ ಮೌಖಿಕ ಸಾಕ್ಷ್ಯವು ನೇರವಾಗಿರಬೇಕೆಂದು ವಿಧಿಸುತ್ತದೆ. ನೋಡಬಹುದಾದ ಸಂಗತಿಯನ್ನು ನೋಡಿದವನೇ ಹೇಳಬೇಕು. ಕೇಳಬಹುದಾದ ಸಂಗತಿಯನ್ನು ಕೇಳಿದವನೇ ಹೇಳಬೇಕು. ಹಳೆಯ ಕಾಯದೆಯಲ್ಲಿ ಇದೇ ಮಾತು 60ನೆಯ ಕಲಮಾಗಿತ್ತು. ಸಂಖ್ಯೆ ಬದಲಾಯಿತು, ತತ್ವ ಬದಲಾಗಲಿಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಸೀಮೆಯಲ್ಲಿ ಹೊಲಮನೆಯುಳ್ಳ ಕುಟುಂಬ ಒಂದಿಲ್ಲೊಂದು ದಿನ ಕೋರ್ಟಿನ ಮೆಟ್ಟಿಲನ್ನು ಕಾಣುವುದುಂಟು. ಅಣ್ಣತಮ್ಮಂದಿರ ವಾಟ್ನಿ, ಬಾಂದಗಲ್ಲಿನ ತಕರಾರು, ಬಾವಿಯ ನೀರಿನ ಪಾಳಿ, ದತ್ತಕ, ಮೃತ್ಯುಪತ್ರ, ಹೆಣ್ಣುಮಕ್ಕಳ ಪಾಲು, ಇವೇ ದಾವೆಗಳ ಮೂಲ. ದಾವೆಯಲ್ಲಿ ವಾದಿಯೂ ಅಲ್ಲದ, ಪ್ರತಿವಾದಿಯೂ ಅಲ್ಲದ ಮೂರನೆಯ ಮನುಷ್ಯನೊಬ್ಬನಿರುತ್ತಾನೆ. ಆತ ಬಾಜೂಹೊಲದವನು, ಊರ ಹಿರಿಯ, ಪಂಚರಲ್ಲೊಬ್ಬ, ಇಲ್ಲವೆ ಮನೆಯ ಸೋದರತ್ತೆ. “ಒಂದು ಸಾಕ್ಷಿ ಹೇಳಬೇಕು” ಎಂದು ಯಾರಾದರೂ ಬಂದು ಕೇಳಿದಾಗ ಇಂಥವರು ಮಾಡಬೇಕಾದುದೇನು, ಅವರ ಹೇಳಿಕೆ ಸಿದ್ಧವಾಗುವ ಬಗೆ ಯಾವುದು, ಅದರಲ್ಲಿ ಎಚ್ಚರ ತಪ್ಪುವುದೆಲ್ಲಿ, ಇದನ್ನು ವಿಚಾರಿಸುವುದೇ ಇಂದಿನ ಮಾತಿನ ಉದ್ದೇಶ.

ಹಿಂದೆ ಸಾಕ್ಷಿಯಾದವನು ಕಟಕಟೆಯಲ್ಲಿ ನಿಂತು ಬಾಯಿಂದಲೇ ಎಲ್ಲವನ್ನೂ ಹೇಳುತ್ತಿದ್ದನು. ಅವನನ್ನು ಕರೆತಂದ ಪಕ್ಷದ ವಕೀಲರು ಪ್ರಶ್ನೆ ಕೇಳುವರು, ಅವನು ಉತ್ತರ ಕೊಡುವನು, ನ್ಯಾಯಾಧೀಶರು ಬರೆದುಕೊಳ್ಳುವರು. ಇದಕ್ಕೆ ಮುಖ್ಯ ವಿಚಾರಣೆ ಎಂದು ಹೆಸರು. ಅನಂತರ ಎದುರುಪಕ್ಷದ ವಕೀಲರ ಪಾಟೀಸವಾಲು. 1908ರ ದಿವಾಣಿ ಪ್ರಕ್ರಿಯಾ ಸಂಹಿತೆಗೆ ಆದ ತಿದ್ದುಪಡಿಗಳು 2002ರ ಜುಲೈ 1ರಿಂದ ಜಾರಿಗೆ ಬಂದಾಗ ಈ ಕ್ರಮ ಬದಲಾಯಿತು. ಸಂಹಿತೆಯ 18ನೆಯ ಆದೇಶದ 4ನೆಯ ನಿಯಮದ ಪ್ರಕಾರ ಮುಖ್ಯ ವಿಚಾರಣೆಯ ಮಾತು ಈಗ ಪ್ರಮಾಣಪತ್ರದ ರೂಪದಲ್ಲಿ, ಎಂದರೆ ಅಫಿಡವಿಟ್ಟಾಗಿ, ಬರವಣಿಗೆಯಲ್ಲಿಯೇ ಬರುತ್ತದೆ. ಅದರ ಪ್ರತಿಯನ್ನು ಎದುರುಪಕ್ಷಕ್ಕೆ ಕೊಡಬೇಕು. ಪಾಟೀಸವಾಲು ಮಾತ್ರ ಮೊದಲಿನಂತೆ ನ್ಯಾಯಾಧೀಶರ ಅಥವಾ ಅವರು ನೇಮಿಸಿದ ಕಮಿಷನರರ ಎದುರಿನಲ್ಲಿ ಬಾಯಿಮಾತಿನಿಂದ ನಡೆಯುತ್ತದೆ. ಕೋರ್ಟಿನ ವೇಳೆ ಉಳಿಯಲಿ, ದಾವೆಗಳು ಬೇಗ ಮುಗಿಯಲಿ ಎಂಬುದು ಈ ಬದಲಾವಣೆಯ ಹಿಂದಿನ ಆಶಯ.

ಆಶಯ ಒಳ್ಳೆಯದೇ. ಆದರೆ ಈ ಬದಲಾವಣೆಯಿಂದ ಹಳೆಯ ಕಾವಲೊಂದು ಸದ್ದಿಲ್ಲದೆ ಸಡಿಲವಾಯಿತು. ಮುಖ್ಯ ವಿಚಾರಣೆಯಲ್ಲಿ ಉತ್ತರವನ್ನು ತಾನೇ ಸೂಚಿಸುವಂಥ ಪ್ರಶ್ನೆಯನ್ನು ಕೇಳಕೂಡದೆಂಬುದು ಸಾಕ್ಷ್ಯ ಕಾಯದೆಯ ಹಳೆಯ ನಿಯಮ. ಹೊಸ ಕಾಯದೆಯಲ್ಲಿಯೂ ಅದು ಉಳಿದಿದೆ. “ಆ ದಿನ ಯಾರು ಯಾರು ಇದ್ದರು?” ಎಂದು ಕೇಳಬಹುದು, “ಆ ದಿನ ಗೌಡರೂ ಇದ್ದರಲ್ಲವೆ?” ಎಂದು ಕೇಳಬಾರದು. ಬಾಯಿಮಾತಿನ ಕಾಲದಲ್ಲಿ ಇಂಥ ಪ್ರಶ್ನೆ ಬಂದರೆ ಎದುರುಪಕ್ಷದವರು ಎದ್ದು ಆಕ್ಷೇಪಿಸುತ್ತಿದ್ದರು, ನ್ಯಾಯಾಧೀಶರು ತಡೆಯುತ್ತಿದ್ದರು. ಈಗ ಹೇಳಿಕೆ ಸಿದ್ಧವಾಗುವುದು ವಕೀಲರ ಕಚೇರಿಯಲ್ಲಿ, ಟಂಕಲೇಖನದ ಮೇಜಿನ ಮುಂದೆ. ಅಲ್ಲಿ ಆಕ್ಷೇಪಿಸುವವರಿಲ್ಲ, ತಡೆಯುವವರಿಲ್ಲ. ಯಾವ ಮಾತು ಸಾಕ್ಷಿಯ ಬಾಯಿಂದ ಹೊರಟಿತು, ಯಾವುದು ಅವನ ಬಾಯಿಗೆ ತುರುಕಲ್ಪಟ್ಟಿತು ಎಂಬುದನ್ನು ಕಾಗದ ಹೇಳುವುದಿಲ್ಲ. ತೆರೆದ ನ್ಯಾಯಾಲಯ ಕಾಯುತ್ತಿದ್ದ ನಿಯಮವನ್ನು ಈಗ ಬರೆಯುವವರ ವಿವೇಕ ಮತ್ತು ಸಹಿ ಮಾಡುವವನ ಹಟ ಇವೆರಡೇ ಕಾಯಬೇಕಾಗಿದೆ.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಮಲಪ್ರಭೆಯ ದಂಡೆಯ ಹಳ್ಳಿಯ ಒಬ್ಬ ರೈತ ತನ್ನ ಬಾಜೂಹೊಲದ ವಿಷಯವಾಗಿ ವಕೀಲರೆದುರು ಹೀಗೆ ಹೇಳುತ್ತಾನೆ: “ಅವರಪ್ಪ ತೀರಿಕೊಂಡ ಮ್ಯಾಲೆ ಆ ಹೊಲಾ ದೊಡ್ಡ ಮಗನ ಬಿತ್ತಿ ಬೆಳಕೋತ ಬಂದಾನರೀ. ನಮ್ಮ ಹೊಲಾ ಬಾಜೂಕ ಐತಿ. ಸುಗ್ಗ್ಯಾಗ ಅವನ ಕಣಾನೂ ನೋಡೇನಿ. ನಡುವ ಎರಡು ವರ್ಷ ನಾ ಊರಾಗ ಇರಲಿಲ್ಲ, ಗೋವಾಕ ದುಡ್ಯಾಕ ಹೋಗಿದ್ದೆ.”

ಈ ಮಾತು ಪ್ರಮಾಣಪತ್ರವಾಗಿ ಹೊರಬರುವಾಗ ಅನೇಕ ವೇಳೆ ಇಂಥ ರೂಪ ತಾಳುತ್ತದೆ: “ವಾದಿಯು ತನ್ನ ತಂದೆಯ ಮರಣಾನಂತರ ಇಂದಿನವರೆಗೆ ದಾವಾ ಆಸ್ತಿಯ ನಿರಂತರ, ನಿರಾತಂಕ ಹಾಗೂ ಶಾಂತಿಯುತ ಕಬಜಾ ವಹಿವಾಟಿನಲ್ಲಿರುವುದು ನನಗೆ ಖುದ್ದು ಗೊತ್ತಿರುತ್ತದೆ.”

ಎರಡನೆಯ ವಾಕ್ಯ ಗಂಭೀರವಾಗಿದೆ, ಕಾಯದೆಯ ಗತ್ತು ಅದಕ್ಕಿದೆ. ಆದರೆ ಅದರಲ್ಲಿ ಸಾಕ್ಷಿದಾರನೇ ಇಲ್ಲ. ಬಾಜೂಹೊಲ ಹೋಯಿತು, ಸುಗ್ಗಿಯ ಕಣ ಹೋಯಿತು, ಗೋವಾದ ಎರಡು ವರ್ಷ ಹೋಯಿತು. ಪಾಟೀಸವಾಲಿನ ದಿನ ಎದುರುಪಕ್ಷದ ವಕೀಲರು, “ಯಜಮಾನರೇ, ನಿರಾತಂಕ ಎಂದರೇನು?” ಎಂದು ಕೇಳಿದರೆ ಅವನು ತಬ್ಬಿಬ್ಬಾಗುತ್ತಾನೆ. “ನೀವು ಗೋವಾಕ್ಕೆ ಹೋಗಿದ್ದು ನಿಜವೇ?” ಎಂದರೆ ಹೌದೆನ್ನದೆ ಗತ್ಯಂತರವಿಲ್ಲ. “ಹಾಗಾದರೆ ನಿರಂತರ ಎಂಬ ನಿಮ್ಮ ಮಾತು ಸುಳ್ಳಲ್ಲವೆ?” ಎಂಬ ಮೂರನೆಯ ಪ್ರಶ್ನೆಗೆ ಅವನ ಬಳಿ ಉತ್ತರವಿಲ್ಲ. ನಿಜವನ್ನೇ ತಿಳಿದಿದ್ದ ಮನುಷ್ಯ ಸುಳ್ಳುಗಾರನ ಹಾಗೆ ಕಟಕಟೆಯಿಂದ ಇಳಿಯುತ್ತಾನೆ. ಸಾಕ್ಷಿಯ ವರ್ತನೆಯ ಬಗೆಗೆ ಟಿಪ್ಪಣಿ ಬರೆದಿಡುವ ಅಧಿಕಾರವೂ ನ್ಯಾಯಾಧೀಶರಿಗೆ ಉಂಟು. ಎರಡು ವರ್ಷ ಊರಲ್ಲಿರಲಿಲ್ಲವೆಂಬ ಮಾತನ್ನು ಮೊದಲೇ ಬರೆದಿದ್ದರೆ ಅವನ ಉಳಿದ ಮಾತಿಗೆ ಬೆಲೆ ಹೆಚ್ಚುತ್ತಿತ್ತೇ ಹೊರತು ಕಡಿಮೆಯಾಗುತ್ತಿರಲಿಲ್ಲ.

ಆದುದರಿಂದ ಹೇಳಿಕೆಯ ಮೊದಲ ಲಕ್ಷಣ, ಸಾಕ್ಷಿಗೆ ಆ ಸಂಗತಿ ಗೊತ್ತಾದುದು ಹೇಗೆಂಬುದು ಅದರಲ್ಲಿ ಕಾಣಬೇಕು. ತನ್ನ ಹೊಲ ಯಾವ ದಿಕ್ಕಿಗಿದೆ, ಅಲ್ಲಿಂದ ಏನು ಕಾಣುತ್ತದೆ, ತಾನು ಅಲ್ಲಿಗೆ ಎಷ್ಟು ಸಲ ಹೋಗುತ್ತಿದ್ದೆ ಎಂಬುದು ಮೊದಲು ಬರಬೇಕು. ಕಂಡದ್ದು ಅನಂತರ ಬರಬೇಕು. ಕಂಡ ಸಂಗತಿ ಮತ್ತು ಅದರಿಂದ ತೆಗೆದ ತೀರ್ಮಾನ ಇವೆರಡನ್ನೂ ಬೆರೆಸಬಾರದು. “ಆ ವರ್ಷದಿಂದ ಆ ಮನೆಯಲ್ಲಿ ಎರಡು ಒಲೆಗಳಾದವು, ಕಾಳುಕಡಿ ಬೇರೆ ಬೇರೆ ಹಗೇವಿಗೆ ಹೋದವು” ಎಂಬುದು ಸಂಗತಿ. “ಆ ವರ್ಷ ಕುಟುಂಬ ವಿಭಕ್ತವಾಯಿತು” ಎಂಬುದು ತೀರ್ಮಾನ. ಒಲೆ ಬೇರೆಯಾದ ಮಾತ್ರಕ್ಕೆ ಆಸ್ತಿ ಬೇರೆಯಾಯಿತೇ ಎಂಬುದನ್ನು ನಿರ್ಣಯಿಸುವ ಕೆಲಸ ನ್ಯಾಯಾಧೀಶರದು. ಸಾಕ್ಷಿಗೆ ಆ ಭಾರ ಬೇಡ.

ಎರಡನೆಯದು ಕಾಲದ ಮಾತು. ನಮ್ಮ ಹಳ್ಳಿಗಳ ನೆನಪು ಇಂಗ್ಲಿಷ್ ತಾರೀಖುಗಳಲ್ಲಿ ಇರುವುದಿಲ್ಲ. ಕಾರಹುಣ್ಣಿಮೆ, ಶೀಗಿಹುಣ್ಣಿಮೆ, ಎಳ್ಳಮಾಸಿ, ಎಲ್ಲಮ್ಮನ ಗುಡ್ಡದ ಭಾರತಹುಣ್ಣಿಮೆ, ಗೊಡಚಿ ವೀರಭದ್ರನ ಜಾತ್ರೆ, ಇವು ನಮ್ಮ ಪಂಚಾಂಗ. ನವಿಲುತೀರ್ಥದ ಆಣೆಕಟ್ಟಿನಲ್ಲಿ ನೀರು ನಿಂತ ವರ್ಷ, ಕಾಲುವೆ ಬಂದ ವರ್ಷ, 2019ರ ಆಗಸ್ಟಿನಲ್ಲಿ ಮಲಪ್ರಭೆ ಮನೆಯೊಳಗೆ ಹೊಕ್ಕ ವರ್ಷ, ಇವು ನಮ್ಮ ಶಕೆಗಳು. ಸಾಕ್ಷಿಗೆ ನೆನಪಿರುವುದು “ಭಾರತಹುಣ್ಣಿಮೆಗೆ ಗುಡ್ಡಕ್ಕೆ ಹೋಗಿ ಬಂದ ವಾರ” ಎಂದಾದರೆ ಹೇಳಿಕೆಯಲ್ಲಿ ಅದನ್ನೇ ಬರೆಯಬೇಕು. ಬೇಕಾದರೆ ಪಂಚಾಂಗ ನೋಡಿ ತಾರೀಖನ್ನು ಬೇರೆ ಕೂಡಿಸಬಹುದು. ದಾವಾ ಅರ್ಜಿಯಲ್ಲಿರುವ ತಾರೀಖನ್ನು ಎತ್ತಿ ಸಾಕ್ಷಿಯ ಬಾಯಲ್ಲಿಟ್ಟರೆ ಆ ತಾರೀಖು ಅವನ ನೆನಪಿನದಲ್ಲ. ಪಾಟೀಸವಾಲಿನಲ್ಲಿ ಅದು ಅವನ ಕೈಬಿಡುತ್ತದೆ. ಘಟನೆ ನಡೆದಾಗಲೇ ಅಥವಾ ಅದರ ಹಿಂದೆಯೇ ಸಾಕ್ಷಿ ತನ್ನ ವಹಿಯಲ್ಲಿ ಬರೆದಿಟ್ಟಿದ್ದರೆ ಮಾತು ಬೇರೆ. ಅದನ್ನು ನೋಡಿ ನೆನಪು ತಾಜಾ ಮಾಡಿಕೊಳ್ಳಲು ಕಾಯದೆ ಅನುಮತಿ ಕೊಡುತ್ತದೆ. ಆದರೆ ಆ ವಹಿಯನ್ನು ಎದುರುಪಕ್ಷದವರೂ ನೋಡಲು ಕೇಳಬಹುದು.

ಮೂರನೆಯದು ಕಾಗದಪತ್ರಗಳ ಮಾತು. ಈ ಸೀಮೆಯ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಮೋಡಿ ಲಿಪಿಯ ಕಾಗದಗಳು ಇಂದಿಗೂ ಸಿಗುತ್ತವೆ. ರಾಮದುರ್ಗವು 1948ರವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. ಉಳಿದ ಭಾಗ ಮುಂಬಯಿ ಇಲಾಖೆಗೆ ಸೇರಿತ್ತು. ಮರಾಠಿಯ ಆ ಬರವಣಿಗೆಯನ್ನು ಓದಬಲ್ಲವರು ಈಗ ವಿರಳ. ತಾನು ಓದಲಾರದ ಕಾಗದದಲ್ಲಿ ಏನಿದೆಯೆಂದು ಸಾಕ್ಷಿ ಹೇಳಬಾರದು. “ಈ ಕಾಗದ ನಮ್ಮ ತಂದೆಯ ಪೆಟ್ಟಿಗೆಯಲ್ಲಿ ಇತ್ತು, ಅಲ್ಲಿಂದ ನಾನೇ ತೆಗೆದೆ” ಎಂದಷ್ಟೇ ಹೇಳಿದರೆ ಸಾಕು. ಮೂವತ್ತು ವರ್ಷ ಹಿಂದಿನ ದಸ್ತಾವೇಜು ಯೋಗ್ಯವಾದ ತಾವಿನಿಂದ ಹೊರಬಂದಿದ್ದರೆ ಅದರ ಸಹಿ ಬರವಣಿಗೆಗಳ ಸಾಚಾತನವನ್ನು ನ್ಯಾಯಾಲಯ ಊಹಿಸಬಹುದಾಗಿದೆ. ಆ ಕಾರಣದಿಂದ ಪೆಟ್ಟಿಗೆಯ ಈ ಸಣ್ಣ ಮಾತೇ ದೊಡ್ಡದಾಗುತ್ತದೆ. 2019ರ ಪ್ರವಾಹದಲ್ಲಿ ಕಾಗದ ಕೊಚ್ಚಿಹೋಗಿದ್ದರೆ ಅದು ಎಲ್ಲಿತ್ತು, ನೀರು ಎಲ್ಲಿಯವರೆಗೆ ಏರಿತು, ಇಳಿದ ಮೇಲೆ ಹುಡುಕಿದ್ದು ಹೇಗೆ ಎಂಬುದನ್ನು ಕಂಡವರು ಹೇಳಬೇಕು. ಮೂಲಪ್ರತಿ ನಷ್ಟವಾದುದು ತಿಳಿದುಬಂದ ಮೇಲೆಯೇ ನಕಲಿಗೆ ಪ್ರವೇಶ ದೊರೆಯುತ್ತದೆ.

ಸಾಕ್ಷಿಯನ್ನು ಕೇಳುವ ತೆರೆದ ಸ್ಥಳವೊಂದು ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಈ ಸೀಮೆಯ ಚರಿತ್ರೆಯಲ್ಲಿಯೇ ನಿದರ್ಶನವಿದೆ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ಸಂತತಿಯಿಲ್ಲದೆ ತೀರಿಕೊಂಡನು. ಮಾಸ್ತಮರಡಿಯ ಹುಡುಗನನ್ನು ದತ್ತಕ ತೆಗೆದುಕೊಂಡಿರುವುದಾಗಿ ಧಾರವಾಡದ ಕಲೆಕ್ಟರ ಥ್ಯಾಕರೆಗೆ ಪತ್ರ ಮುಟ್ಟಿತು. ಥ್ಯಾಕರೆ ಆ ಪತ್ರವನ್ನು ನಂಬಲಿಲ್ಲ; ಅದರ ಸಹಿಯನ್ನೇ ಸಂಶಯಿಸಿದನು. ಸಹಿ ಬಿದ್ದುದು ದೇಸಾಯಿ ಜೀವಂತವಿರುವಾಗಲೋ ಅನಂತರವೋ, ಹುಡುಗನನ್ನು ಕೊಟ್ಟವರಾರು, ತೆಗೆದುಕೊಂಡವರಾರು, ಆಗ ಎದುರಿಗಿದ್ದವರಾರು, ಇವೆಲ್ಲ ಅಪ್ಪಟ ದಿವಾಣಿ ಪ್ರಶ್ನೆಗಳು. ಸಾಕ್ಷಿಗಳನ್ನು ಕರೆಸಿ, ಎರಡೂ ಪಕ್ಷಗಳ ಎದುರಿನಲ್ಲಿ ಸವಾಲು ಮಾಡಿ, ದತ್ತಕದಿಂದ ಲಾಭನಷ್ಟವಿಲ್ಲದ ಒಬ್ಬರು ನಿರ್ಣಯಿಸಬೇಕಾದ ಪ್ರಶ್ನೆಗಳು. ಆದರೆ ದತ್ತಕ ಸಲ್ಲದಿದ್ದರೆ ಸಂಸ್ಥಾನ ಸೇರುವುದು ಕಂಪನಿಗೆ. ಸಲ್ಲುವುದೋ ಇಲ್ಲವೋ ಎಂದು ಹೇಳುವವನೂ ಕಂಪನಿಯ ಅಧಿಕಾರಿ. ಕಟಕಟೆಯಲ್ಲಿ ತೀರಬೇಕಾಗಿದ್ದ ಮಾತು ಕೋಟೆಯ ಬಾಗಿಲಿಗೆ ಬಂದಿತು. ಅಕ್ಟೋಬರ್ 23ರಂದು ಥ್ಯಾಕರೆ ಕಿತ್ತೂರಿನಲ್ಲಿ ಹತನಾದನು; ಡಿಸೆಂಬರಿನಲ್ಲಿ ಕೋಟೆ ಬಿದ್ದಿತು; ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ಕಣ್ಣು ಮುಚ್ಚಿದಳು.

ಈಗ ದತ್ತಕದ ವ್ಯಾಜ್ಯ ಬಂದರೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮ ಅನ್ವಯಿಸುತ್ತದೆ. ಮಗುವನ್ನು ಕೊಟ್ಟವರೂ ತೆಗೆದುಕೊಂಡವರೂ ಸಹಿ ಮಾಡಿದ ನೋಂದಾಯಿತ ಪತ್ರವಿದ್ದರೆ ದತ್ತಕ ಕಾಯದೆಬದ್ಧವಾಗಿ ಆಗಿದೆಯೆಂದು ನ್ಯಾಯಾಲಯ ಊಹಿಸುತ್ತದೆ. ಅಲ್ಲಗಳೆಯುವವರು ಅದನ್ನು ಸಿದ್ಧಪಡಿಸಬೇಕು. ಪತ್ರವಿಲ್ಲದಿದ್ದರೆ ಎಲ್ಲವೂ ಕಂಡವರ ಮಾತಿನ ಮೇಲೆ ನಿಲ್ಲುತ್ತದೆ. ಮಗುವನ್ನು ನಿಜವಾಗಿ ಕೊಡುವ ಮತ್ತು ತೆಗೆದುಕೊಳ್ಳುವ ಕ್ರಿಯೆ ನಡೆದಿರಬೇಕು. ಯಾರ ಉಡಿಯಲ್ಲಿ ಮಗುವನ್ನು ಹಾಕಿದರು, ಹಾಕಿದವರಾರು, ತಾನು ಎಲ್ಲಿ ಕುಳಿತಿದ್ದೆ ಎಂಬುದನ್ನು ಹೇಳಬಲ್ಲ ಒಬ್ಬ ಸೋದರತ್ತೆಯ ಮಾತು, “ದತ್ತಕ ಸಮಾರಂಭವು ಶಾಸ್ತ್ರೋಕ್ತವಾಗಿ ಜರುಗಿರುತ್ತದೆ” ಎಂಬ ಹತ್ತು ಜನರ ಒಂದೇ ವಾಕ್ಯಕ್ಕಿಂತ ತೂಕದ್ದು. ಯಾವ ಸಂಗತಿಗೂ ಇಷ್ಟೇ ಜನ ಸಾಕ್ಷಿಗಳು ಬೇಕೆಂಬ ಸಂಖ್ಯೆಯನ್ನು ಸಾಕ್ಷ್ಯ ಕಾಯದೆ ಗೊತ್ತುಪಡಿಸಿಲ್ಲ.

ನಮ್ಮ ಕಾಲದಲ್ಲಿ ಸಾಕ್ಷಿಯ ಮನಸ್ಸಾಕ್ಷಿಗೆ ಅತ್ಯಂತ ಕಠಿಣವಾದ ಪರೀಕ್ಷೆ ಬಂದಿರುವುದು ಹೆಣ್ಣುಮಕ್ಕಳ ಪಾಲಿನ ದಾವೆಗಳಲ್ಲಿ. 1994ರಲ್ಲಿಯೇ ಕರ್ನಾಟಕವು, ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಒಟ್ಟುಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳ ಸಮನಾದ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿಯು ಮದುವೆಯಾದವರಿಗೂ ಆಗದವರಿಗೂ ಆ ಹಕ್ಕನ್ನು ವಿಸ್ತರಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಆಗಿಹೋದ ವಾಟ್ನಿಗೆ ಮಾತ್ರ ಈ ಕಾಯದೆ ಬಾಧಕವಲ್ಲ. ಈ ತಾರೀಖೇ ಪ್ರಲೋಭನೆಯ ಮೂಲ. ತಂಗಿ ಪಾಲು ಕೇಳಿದೊಡನೆ, “2003ರಲ್ಲಿಯೇ ಬಾಯಿಮಾತಿನ ವಾಟ್ನಿ ಆಗಿತ್ತು” ಎಂಬ ತಕರಾರು ಹುಟ್ಟಿಕೊಳ್ಳಬಹುದು. ಅದನ್ನು ಹೇಳಲು ಹಿರಿಯರೊಬ್ಬರು ಬೇಕಾಗುತ್ತದೆ. ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರ ತೀರ್ಪಿನಲ್ಲಿ ಬಾಯಿಮಾತಿನ ವಾಟ್ನಿಯ ತಕರಾರನ್ನು ಸಹಜವಾಗಿ ಒಪ್ಪಲಾಗದೆಂದೂ, ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪವಾದದ ಪ್ರಸಂಗಗಳಲ್ಲಿ ಮಾತ್ರ ಅದನ್ನು ಒಪ್ಪಬಹುದೆಂದೂ ಹೇಳಿದೆ. ಅಂದಮೇಲೆ ನಿಜವಾಗಿ ಅಂಥ ವಾಟ್ನಿಯಲ್ಲಿ ಪಂಚನಾಗಿ ಕುಳಿತಿದ್ದವನು ಕುಳಿತಿದ್ದುದನ್ನು ನಿರ್ಭಯವಾಗಿ ಹೇಳಲಿ. ಯಾವ ಹೊಲ ಯಾರಿಗೆ ಬಂತು, ಅನಂತರ ವರ್ದಿ ಕೊಟ್ಟು ಉತಾರದಲ್ಲಿ ಹೆಸರು ಹಚ್ಚಿಸಿದರೋ ಇಲ್ಲವೋ ಎಂಬುದನ್ನು ತಿಳಿದಷ್ಟು ಹೇಳಲಿ. ಕುಳಿತಿರದವನು “ಎಲ್ಲಾರೂ ಅನ್ನತಾರ, ನಾನೂ ಅಂದರ ಏನಾತು?” ಎಂದು ಸಹಿ ಮಾಡಿದರೆ, ಊರಿನ ಒಬ್ಬ ಮಗಳ ಅನ್ನದ ಬಟ್ಟಲನ್ನು ತನ್ನ ಕೈಯಿಂದಲೇ ಕಸಿದಂತೆ. ಸುಳ್ಳು ಸಾಕ್ಷಿಗೆ ಏಳು ವರ್ಷಗಳವರೆಗೆ ಸೆರೆವಾಸವನ್ನು ಭಾರತೀಯ ನ್ಯಾಯ ಸಂಹಿತೆ ವಿಧಿಸುತ್ತದೆ. ಆದರೆ ಸೆರೆಮನೆಯ ಹೆದರಿಕೆಗಿಂತ ಈ ಬಟ್ಟಲಿನ ನೆನಪು ದೊಡ್ಡದಾಗಬೇಕು.

ಇನ್ನು ಕೆಲವು ವ್ಯವಹಾರದ ಮಾತುಗಳು. ಹೇಳಿಕೆಯನ್ನು ಕನ್ನಡದಲ್ಲಿಯೇ ಬರೆಯಿಸಬಹುದು. ಸಾಕ್ಷಿಗೆ ತಿಳಿಯದ ಇಂಗ್ಲಿಷಿನಲ್ಲಿ ಬರೆಯಿಸುವುದರಿಂದ ಯಾರಿಗೂ ಹಿತವಿಲ್ಲ. ವಾಕ್ಯಗಳು ಚಿಕ್ಕವಾಗಿರಲಿ, ಒಂದು ಪರಿಚ್ಛೇದಕ್ಕೆ ಒಂದೇ ಸಂಗತಿ ಇರಲಿ, ಸಂಗತಿಗಳು ನಡೆದ ಕ್ರಮದಲ್ಲಿ ಬರಲಿ. ಸಾಕ್ಷಿ ತನ್ನ ಮಾತಿನಲ್ಲಿ ಮೊದಲು ಪೂರ್ತಿ ಹೇಳಲಿ, ವಕೀಲರು ಕೇಳಿ ಬರೆದುಕೊಳ್ಳಲಿ. ಮೊದಲೇ ಬರೆದುದನ್ನು ಸಾಕ್ಷಿಗೆ ಒಪ್ಪಿಸುವುದು ತಲೆಕೆಳಗಾದ ಕ್ರಮ. ಓದು ಬಾರದವರಿಗೆ ಪ್ರತಿ ಸಾಲನ್ನೂ ನಿಧಾನವಾಗಿ ಓದಿಹೇಳಬೇಕು, ಹಾಗೆ ಓದಿಹೇಳಿದುದನ್ನು ಕೆಳಗೆ ಬರೆಯಬೇಕು, ಅನಂತರವೇ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ತಪ್ಪಾದ ಮಾತು ಕಂಡರೆ “ಇದು ನನ್ನ ಮಾತಲ್ಲ, ತೆಗೆಯಿರಿ” ಎಂದು ಕೇಳುವ ಹಕ್ಕು ಸಾಕ್ಷಿಯದು. ಅದಕ್ಕೆ ಯಾರೂ ಸಿಟ್ಟಾಗಬೇಕಾಗಿಲ್ಲ. ಸಹಿ ಮಾಡಿದ ಮೇಲೆ ಒಂದು ಪ್ರತಿಯನ್ನು ತನ್ನ ಬಳಿ ಇಟ್ಟುಕೊಂಡು, ಪಾಟೀಸವಾಲಿನ ಹಿಂದಿನ ದಿನ ಓದಿಸಿ ಕೇಳಿಕೊಳ್ಳುವುದು ಒಳ್ಳೆಯದು. ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಯಾವ ಪಕ್ಷಕ್ಕೂ ಪ್ರಮಾಣಪತ್ರ ಬರೆದುಕೊಡಲು ಮನಸ್ಸಿಲ್ಲದವರನ್ನು ಸಮನ್ಸು ಕಳುಹಿಸಿ ಕರೆಸುವುದುಂಟು. ಅಂಥವರ ಮುಖ್ಯ ವಿಚಾರಣೆಯನ್ನು ನ್ಯಾಯಾಲಯವು ತನ್ನೆದುರಿನಲ್ಲಿಯೇ ಬಾಯಿಮಾತಿನಿಂದ ನಡೆಸಬಹುದೆಂದು ಸರ್ವೋಚ್ಚ ನ್ಯಾಯಾಲಯದ 2002ರ ಅಕ್ಟೋಬರಿನ ತೀರ್ಪು ಸ್ಪಷ್ಟಪಡಿಸಿದೆ. ಸಮನ್ಸು ಬಂದವರಿಗೆ ಹೋಗಿಬರುವ ಭತ್ತೆ ಸಲ್ಲುತ್ತದೆ. ಅದನ್ನು ಪಡೆಯಲು ಸಂಕೋಚ ಬೇಡ. ಮುದುಕರು, ರೋಗಿಗಳು ಕೋರ್ಟಿಗೆ ಬರಲಾರದಿದ್ದರೆ ಕಮಿಷನರರು ಮನೆಗೇ ಬಂದು ಹೇಳಿಕೆ ತೆಗೆದುಕೊಳ್ಳುವಂತೆ ಕೇಳಬಹುದು. ಪಾಟೀಸವಾಲಿನಲ್ಲಿ ಪ್ರಶ್ನೆ ತಿಳಿಯದಿದ್ದರೆ ತಿಳಿಯಲಿಲ್ಲವೆನ್ನಬೇಕು, ನೆನಪಿಲ್ಲದಿದ್ದರೆ ನೆನಪಿಲ್ಲವೆನ್ನಬೇಕು. “ಅದು ನನಗ ಗೊತ್ತಿಲ್ಲರೀ” ಎಂಬುದು ಸಾಕ್ಷಿಯ ಸೋಲಲ್ಲ. ಗೊತ್ತಿದ್ದುದಕ್ಕೆ ಅದೇ ಬೇಲಿ.

ದಾವೆ ಗೆಲ್ಲುವುದು ಸಾಕ್ಷಿಯ ಹೊಣೆಯಲ್ಲ. ತೀರ್ಪು ಯಾವ ಕಡೆಗಾದರೂ ಆಗಲಿ, ಸಂತೆಯ ದಿನ ಎರಡೂ ಪಕ್ಷದವರು ಎದುರಾಗುತ್ತಾರೆ, ಒಂದೇ ಕೆರೆಯ ದಾರಿ ತುಳಿಯುತ್ತಾರೆ. ಅವರಿಬ್ಬರನ್ನೂ ಮುಖವೆತ್ತಿ ಮಾತನಾಡಿಸಲು ಬರುವಂತಿರಬೇಕಾದರೆ ಸಾಕ್ಷಿಯು ಸಹಿ ಮಾಡುವ ಮೊದಲು ಕಾಗದದ ಪ್ರತಿಯೊಂದು ಸಾಲಿನ ಮೇಲೆ ಬೆರಳಿಟ್ಟು, “ಇದನ್ನು ನಾನು ಕಂಡೆನೇ?” ಎಂದು ಕೇಳಿಕೊಳ್ಳಲಿ. ಇಲ್ಲವೆಂದು ಅನಿಸಿದ ಸಾಲನ್ನು ಹೊಡೆದುಹಾಕಿಸಲಿ. ಉಳಿದುದು ಮೂರೇ ಸಾಲಾದರೂ ಅದು ಪೂರ್ಣವಾದ ಹೇಳಿಕೆಯೇ.